ದಾಟಿದವಳೇ ಅಕ್ಕ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಬೈಯುವುದು ನಮ್ಮ ಬಸ್ಸನ್ನು. ನಡೆದು ಹೋಗುವವರಿಗಿಂತ ಅದು ಒಂದಿಷ್ಟೇ ಬೇಗ ಹೋಗುತ್ತದೆ. ಅದನ್ನು ಓಡಿಸುವ ಶಿವಲಿಂಗಜ್ಜನಿಗೆ ಎಂಬತ್ತು ದಾಟಿದೆ, ಕಣ್ಣೂ ಅಷ್ಟಕ್ಕಷ್ಟೇ. ಪಾಪ, ಮುದುಕನನ್ನು ಮನೆಯಲ್ಲಿ ಕೂರಿಸಿ ಯಾರಾದರೂ ಹುಡುಗನ ಕೈಗೆ ಸ್ಟೇರಿಂಗ್ ಕೊಡಬಾರದೇ ಎಂದು ಅವರು ಕೇಳುತ್ತಾರೆ. ನಾವು ನಕ್ಕು ಸುಮ್ಮನಾಗುತ್ತೇವೆ. ಹುಡುಗನಿಗೆ ಬಸ್ಸು ಕೊಟ್ಟರೆ ಅವನು ನಿಲ್ದಾಣದಿಂದ ಸಂತೆಕಟ್ಟೆ ಮುಟ್ಟುವಷ್ಟರಲ್ಲಿ ಊರಿನ ಅರ್ಧ ಹಿರಿಯರನ್ನು ದಾಟಿರುತ್ತಾನೆ. ಮರುದಿನದಿಂದ ಅವನನ್ನೇ ಅಜ್ಜ ಎಂದು ಕರೆಯಬೇಕಾಗುತ್ತದೆ.

ನಮ್ಮಲ್ಲಿ ಹಾಗೆ. ಗಡಿಕಲ್ಲಿನ ಒಳಗೆ, ನಮ್ಮೂರಲ್ಲೇ ಹುಟ್ಟಿದವರು, ತಮ್ಮ ಮುಂದೆ ಹೋಗುತ್ತಿರುವ ಹಿರಿಯರನ್ನು ದಾಟಿದರೆ ಇಬ್ಬರ ನಡುವಿನ ವರ್ಷಗಳು ಕೈ ಬದಲಾಗುತ್ತವೆ. ಮೈಗೆ ಏನೂ ಆಗುವುದಿಲ್ಲ, ಕೂದಲು ಹಣ್ಣಾಗುವುದಿಲ್ಲ, ಹಲ್ಲು ಬೀಳುವುದಿಲ್ಲ. ಕಿರಿಯರು ಹುಟ್ಟುವ ಮೊದಲು ಹಿರಿಯರು ಕಂಡದ್ದೆಲ್ಲ ದಾಟಿದವರ ನೆನಪಾಗುತ್ತದೆ, ಹಿರಿಯರಿಗೆ ಅದು ಇಲ್ಲವಾಗುತ್ತದೆ. ಹಿರಿತನವೂ ಅದರ ಹಿಂದೆಯೇ ಹೋಗುತ್ತದೆ. ಒಮ್ಮೆ ಒಬ್ಬ ತರುಣ ಸಿನಿಮಾಕ್ಕೆ ತಡವಾಯಿತೆಂದು ಓಡುತ್ತ ಸೂಲಗಿತ್ತಿ ನಿಂಗಮ್ಮಾಯಿಯನ್ನು ದಾಟಿಬಿಟ್ಟ. ಸಿನಿಮಾ ಅರ್ಧದಲ್ಲಿರುವಾಗಲೇ ಅವನನ್ನು ಹೆರಿಗೆಗೆ ಕರೆದೊಯ್ಯಲು ಜನ ಬಂದರು. ಹೋಗದೆ ಅವನಿಗೂ ಬೇರೆ ದಾರಿ ಇರಲಿಲ್ಲ. ನಿಂಗಮ್ಮಾಯಿ ಕೆಲಸ ಕಲಿತ ದಿನಗಳನ್ನೇ ಮರೆತು ಕೆರೆಯ ಮೆಟ್ಟಿಲ ಮೇಲೆ ಹುಡುಗಿಯರ ಜೊತೆ ಕಲ್ಲಾಟ ಆಡುತ್ತ ಕೂತಳು.

ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ಮಕ್ಕಳು ಶಾಲೆಗೆ ವಯಸ್ಸಿನ ಪ್ರಕಾರ ಸಾಲಾಗಿ ಹೋಗುತ್ತಾರೆ. ಹಿಂದೆ ಸೈಕಲ್ ಗಂಟೆ ಕೇಳಿದರೆ ಹಿರಿಯರು ನಿಂತು, ಬರುವವರ ಕಡೆಗೆ ಮುಖ ತಿರುಗಿಸುತ್ತಾರೆ. ಮುಖಾಮುಖಿಯಾದರೆ ಅದು ಭೇಟಿ, ದಾಟುವುದಲ್ಲ. ಹಾಗಾಗಿ ನಮ್ಮ ರಸ್ತೆಯಲ್ಲಿ ಎಲ್ಲರೂ ಎಲ್ಲರನ್ನೂ ಮಾತಾಡಿಸುತ್ತಾರೆ, ಯಾರೂ ಎಲ್ಲಿಗೂ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ. ಇಂಥ ಊರಿನಿಂದ ಇಬ್ಬರು ಹೆಣ್ಣುಮಕ್ಕಳು ಸೈಕಲ್ ರೇಸಿಗೆ ಹೋದರು ಎಂದರೆ ಯಾರಿಗಾದರೂ ನಗು ಬರಬೇಕು. ಆ ಇಬ್ಬರಲ್ಲಿ ಒಬ್ಬಳು ನಾನು, ಮಹಾನಂದಾ. ಇನ್ನೊಬ್ಬಳು ಕಸ್ತೂರಿ. ಆಗ ನಾನು ಅಕ್ಕ, ಅವಳು ತಂಗಿ. ನಮ್ಮ ನಡುವೆ ಆರು ವರ್ಷ.

ನಿಜ ಹೇಳಬೇಕೆಂದರೆ ನಮ್ಮನ್ನು ತಯಾರು ಮಾಡಿದ್ದೇ ಆ ರಸ್ತೆ. ಊರೊಳಗೆ ಕಸ್ತೂರಿ ಯಾವಾಗಲೂ ನನ್ನ ಹಿಂದೆಯೇ ಬರಬೇಕಿತ್ತು. ಹಿಂದಿನ ಚಕ್ರಕ್ಕೆ ಅಂಟಿಕೊಂಡು, ನನ್ನ ಬೆನ್ನಿನ ಮರೆಯಲ್ಲಿ ಗಾಳಿ ತಾಗದ ಹಾಗೆ ತುಳಿಯುವುದು ಅವಳಿಗೆ ನಡಿಗೆಯಷ್ಟೇ ಸಹಜವಾಯಿತು. ಎದೆಯೊಡ್ಡಿ ಗಾಳಿ ಸೀಳುವುದು ನನಗೆ ರೂಢಿಯಾಯಿತು. ಸೈಕಲ್ ರೇಸಿನಲ್ಲಿ ಇದಕ್ಕಿಂತ ದೊಡ್ಡ ವಿದ್ಯೆಯಿಲ್ಲ. ಮುಂದಿನವಳು ಗಾಳಿಯೊಡನೆ ಗುದ್ದಾಡಿ ಸುಸ್ತಾಗುತ್ತಾಳೆ, ಹಿಂದಿನವಳು ಶಕ್ತಿ ಉಳಿಸಿಕೊಂಡು ಕೊನೆಗೆ ಮರೆಯಿಂದ ಹೊರಬಿದ್ದು ಮೊದಲು ಗೆರೆ ಮುಟ್ಟುತ್ತಾಳೆ. ನಮ್ಮ ತರಬೇತುದಾರ ಮುಲ್ಲಾ ಸರ್ ಪರವೂರಿನವರು. ನಮ್ಮನ್ನು ಮೊದಲ ಸಲ ನೋಡಿದಾಗಲೇ ಅವರು, "ಇವರಿಗೆ ನಾ ಕಲಿಸೂದು ಏನೂ ಉಳಿದಿಲ್ಲವ್ವಾ," ಎಂದು ಬೀಡಿ ಹಚ್ಚಿದ್ದರು. ಗಡಿಕಲ್ಲಿನ ಆಚೆ, ಪರವೂರುಗಳ ರಸ್ತೆಗಳಲ್ಲಿ ಕಸ್ತೂರಿ ನನ್ನನ್ನು ಲೆಕ್ಕವಿಲ್ಲದಷ್ಟು ಸಲ ದಾಟಿದ್ದಳು. ಅಲ್ಲಿ ಏನೂ ಆಗುವುದಿಲ್ಲ. ದಾಟಿದರೂ ಅವಳು ನನ್ನ ತಂಗಿಯೇ.

ಅವಳನ್ನು ಹೆರುವಾಗಲೇ ನಮ್ಮ ಅವ್ವ ತೀರಿಕೊಂಡಳಂತೆ. ಅಂತೆ ಎನ್ನುತ್ತಿದ್ದೇನೆ, ಯಾಕೆಂದು ಮುಂದೆ ಹೇಳುತ್ತೇನೆ. ಅಪ್ಪ ಮಾತಿನ ಮನುಷ್ಯನಲ್ಲ, ಅವನೂ ಬಹಳ ದಿನ ಉಳಿಯಲಿಲ್ಲ. ನಮ್ಮನ್ನು ಬೆಳೆಸಿದವಳು ಸೋದರತ್ತೆ ಗುರವ್ವ. ಅವಳು ಪರವೂರಿನಿಂದ ನಮ್ಮ ಮನೆಗೆ ಬಂದದ್ದೇ ಅವ್ವ ಹೋದ ಮೇಲೆ. ಹಾಗಾಗಿ ಮನೆಯಲ್ಲಿ ಅವ್ವನ ಜೊತೆ ಇದ್ದು ಬಲ್ಲವಳೆಂದರೆ ನಾನೊಬ್ಬಳೇ. ಕಸ್ತೂರಿ ನನ್ನ ಬೆನ್ನು ಬಿಡುತ್ತಿರಲಿಲ್ಲ. "ಅಕ್ಕಾ, ಅವ್ವನ ಸುದ್ದಿ ಹೇಳ." ನಾನು ಹೇಳುತ್ತಿದ್ದೆ. ಅವ್ವ ತಲೆಸ್ನಾನ ಮಾಡಿ ಮಾಳಿಗೆಯ ಮೇಲೆ ಕೂದಲು ಆರಿಸುತ್ತಿದ್ದಳು, ಹಸಿರು ಸೀರೆ ಉಡುತ್ತಿದ್ದಳು, ನನ್ನ ಅಂಗೈಗೆ ಶೇಂಗಾ ಬೆಲ್ಲ ಹಾಕಿ ಮುಷ್ಟಿ ಮುಚ್ಚುತ್ತಿದ್ದಳು, ಹೊಟ್ಟೆಗೆ ನನ್ನ ಕಿವಿ ಒತ್ತಿಸಿಕೊಂಡು "ಇದು ನಿನ್ನ ತಂಗಿ, ನೋಡ" ಎನ್ನುತ್ತಿದ್ದಳು. "ಆಮ್ಯಾಲ?" ಎಂದು ಅವಳು ಕೇಳಿದಾಗ ನಾನು ಸ್ವಲ್ಪ ತಡೆಯುತ್ತಿದ್ದೆ. "ಆಮ್ಯಾಲ ನೀ ಹುಟ್ಟಿದಿ," ಎನ್ನುತ್ತಿದ್ದೆ. ಒಮ್ಮೊಮ್ಮೆ ಸೀರೆ ನೀಲಿಯಾಗುತ್ತಿತ್ತು. "ಮೊನ್ನೆ ಹಸರ ಅಂದಿದ್ದಿ," ಎಂದು ಅವಳು ಹಿಡಿದು ಹಾಕುತ್ತಿದ್ದಳು. "ಅವ್ವಗ ಒಂದ ಸೀರಿ ಇತ್ತೇನು?" ಎಂದು ನಾನು ಗದರಿಸುತ್ತಿದ್ದೆ.

ಈ ಹೇಳಿದ್ದೆಲ್ಲ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಹೇಳಿದ್ದು ಕಸ್ತೂರಿ ಹುಟ್ಟಿದ ಮೇಲೆ. ಆದರೆ ಹೇಳಿದ ಯಾವುದನ್ನೂ ಕಂಡ ನೆನಪು ನನಗೀಗ ಇಲ್ಲ.

ಆ ವರ್ಷ ಹೆಣ್ಣುಮಕ್ಕಳ ದೊಡ್ಡ ರೇಸು ನಮ್ಮ ಸೀಮೆಗೆ ಬಂತು. ಒಂದು ವಾರ, ದಿನಕ್ಕೊಂದು ಹಂತ, ಊರಿಂದೂರಿಗೆ. ಎಲ್ಲ ದಿನಗಳ ಸಮಯ ಕೂಡಿಸಿ ಯಾರದು ಕಡಿಮೆಯೋ ಅವಳು ಗೆದ್ದಳು. ಸದ್ಯಕ್ಕೆ ಮುಂದಿರುವವಳು ಹಳದಿ ಅಂಗಿ ತೊಡುತ್ತಾಳೆ. ದೇಶವಿದೇಶಗಳಿಂದ ಸಂಬಳಕ್ಕೆ ಸೈಕಲ್ ತುಳಿಯುವವರು ಬಂದಿದ್ದರು. ಅವರ ಹಿಂದೆ ಕಾರುಗಳು, ಕಾರಿನ ತಲೆಯ ಮೇಲೆ ಸೈಕಲ್ಲುಗಳು, ಅವರ ಊಟ ತೂಗಿ ಕೊಡಲು ಒಬ್ಬಳು ಬೇರೆ. ನಾವೂ ಸಂಬಳದವರೇ, ಆದರೆ ನಮ್ಮ ತಂಡದ ಕಾರಿಗೆ ಒಂದು ಬಾಗಿಲು ತೆರೆಯುತ್ತಿರಲಿಲ್ಲ. ಆದರೂ ಕೊನೆಯ ಹಂತದ ಹೊತ್ತಿಗೆ ಕಸ್ತೂರಿ ಎರಡನೆಯ ಸ್ಥಾನದಲ್ಲಿದ್ದಳು. ಹಳದಿ ಅಂಗಿಗೂ ಅವಳಿಗೂ ಕೆಲವೇ ಸೆಕೆಂಡುಗಳ ಅಂತರ. ಹಂತ ಗೆದ್ದವಳ ಒಟ್ಟು ಸಮಯದಲ್ಲಿ ಹತ್ತು ಸೆಕೆಂಡು ಕಳೆಯುತ್ತಾರೆ. ಅಂದರೆ ಕೊನೆಯ ದಿನ ಗೆದ್ದರೆ ರೇಸೇ ಅವಳದು.

ಕೊನೆಯ ಹಂತ ಮುಗಿಯುವುದು ನಮ್ಮೂರಲ್ಲಿ. ಗೆರೆಯನ್ನು ಗಡಿಕಲ್ಲಿನ ಆಚೆಗೇ ಎಳೆಯಿರಿ ಎಂದು ಊರ ಹಿರಿಯರು ಕೇಳಿಕೊಂಡರು. ರೇಸಿನವರು ಒಪ್ಪಿದರೂ ಒಪ್ಪುತ್ತಿದ್ದರೇನೋ. ಆದರೆ ಪುರಸಭೆಯವರಿಗೆ ಫೋಟೋದಲ್ಲಿ ತಮ್ಮ ಕಟ್ಟಡ ಬರಬೇಕಿತ್ತು, ಅದರ ಮುಂದೆಯೇ ಗೆರೆ ಬಿತ್ತು. ಕಸ್ತೂರಿಯನ್ನು ಗೆರೆಯವರೆಗೆ ಎಳೆದು ತರಲು ನಮ್ಮ ತಂಡದಲ್ಲಿ ಇನ್ನೊಬ್ಬಳಿದ್ದಳು. ಹಿಂದಿನ ದಿನದ ಇಳಿಜಾರಿನಲ್ಲಿ ಬಿದ್ದು ಅವಳ ಭುಜದ ಎಲುಬು ಮುರಿದಿತ್ತು. ಬೆಳಗ್ಗೆ ಮುಲ್ಲಾ ಸರ್ ನಮ್ಮಿಬ್ಬರನ್ನೂ ಕೂರಿಸಿಕೊಂಡರು. "ನಿಮ್ಮೂರ ರಿವಾಜು ನನಗ ತಿಳಿಯೂದಿಲ್ಲ. ಗೆಲ್ಲಬೇಕಂದ್ರ ನಂದಾ ಎಳೀಬೇಕು, ಕಸ್ತೂರಿ ದಾಟಬೇಕು. ಬ್ಯಾಡಂದ್ರ ಎರಡನೇದಕ್ಕ ಸಮಾಧಾನ ಮಾಡ್ಕೋರಿ. ನಾ ಒಂದ ಮಾತೂ ಅನ್ನೂದಿಲ್ಲ."

ನಾವು ಮಾತಾಡಿದ್ದು ಸೈಕಲ್ ಮೇಲೆಯೇ. ಅರ್ಧ ದಾರಿಯಲ್ಲಿ ಎಲ್ಲರೂ ಆರಾಮಾಗಿ ತುಳಿಯುವ ಹೊತ್ತು ಒಂದಿರುತ್ತದೆ. ಆಗ ಬಾಟಲಿ ತೆಗೆಯುತ್ತಾರೆ, ಬಾಳೆಹಣ್ಣು ತಿನ್ನುತ್ತಾರೆ, ಹರಟೆ ಹೊಡೆಯುತ್ತಾರೆ. ಎರಡೂ ಕಡೆ ಸೂರ್ಯಕಾಂತಿ ಹೊಲ. ಕಸ್ತೂರಿ ನನ್ನ ಪಕ್ಕಕ್ಕೆ ಬಂದಳು.

"ಅಕ್ಕಾ, ಬ್ಯಾಡ ಅಂದ್ರ ಬ್ಯಾಡ. ನಾ ನಿನ್ನ ಹಿಂದೇ ಗೆರಿ ಮುಟ್ಟತೀನಿ."

"ಹುಚ್ಚಿ ಅದೀ ಏನು? ವಾರ ಪೂರ್ತಿ ಯಾಕ ಬೆವರು ಸುರಿಸಿದ್ವಿ?"

"ದಾಟಿದ್ರ ನಾ ಅಕ್ಕ ಆಗ್ತೀನಿ."

"ಒಂದ ದಿನಕ್ಕ. ನಾಳೆ ಮುಂಜಾನೆ ನೀ ಮುಂದ ಹೋಗು, ನಾ ನಿನ್ನ ದಾಟತೀನಿ. ಮತ್ತ ಮೊದಲಿನಂಗ."

ಅವಳು ಬಾಟಲಿಯಿಂದ ಒಂದು ಗುಟುಕು ನೀರು ಕುಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖ ಹಾಗೆ ಬೆಳಗಿದ್ದನ್ನು ಅದಕ್ಕೂ ಮುಂಚೆ ನಾನು ನೋಡಿರಲಿಲ್ಲ. "ಅಂದ್ರ, ಅಕ್ಕಾ, ನನಗ ಅವ್ವ ಕಾಣ್ತಾಳ ಅಲ್ಲ?"

ನನ್ನ ಸೈಕಲ್ ಓಲಾಡಿತು, ಹಿಂದಿನವಳೊಬ್ಬಳು ಯಾವುದೋ ಭಾಷೆಯಲ್ಲಿ ಬೈದಳು. ಅದು ನನಗೆ ನೆನಪಿದೆ. ನಾನು ಹೇಳಿದ್ದೂ ಮಾತಿಗೆ ಮಾತು ನೆನಪಿದೆ. "ಕಸ್ತೂರಿ, ಒಂದ ರಾತ್ರಿ ಅಷ್ಟ. ಒಳಗ ಇಣುಕಿ ನೋಡಾಕ ಹೋಗಬ್ಯಾಡ. ಮಲಗಿಬಿಡು. ಮುಂಜಾನೆ ಕೊಟ್ಟುಬಿಡು." ಅವಳು ನಕ್ಕಳು. "ಜೀವಮಾನ ಪೂರ್ತಿ ನೀನೊಬ್ಬಾಕಿನೇ ನೋಡೀದಿ. ನಾ ಒಂದ ರಾತ್ರಿ ನೋಡಿದ್ರ ನಿನಗ ಹೊಟ್ಟಿಕಿಚ್ಚೇನು?"

ನಾನು ಯಾಕೆ ಹಾಗೆ ಹೇಳಿದೆ? ನನಗೆ ಆಗ ಏನು ಗೊತ್ತಿತ್ತು? ಇವತ್ತಿಗೂ ಗೊತ್ತಿಲ್ಲ. ಏನೋ ಗೊತ್ತಿತ್ತು ಎನ್ನುವುದು ಮಾತ್ರ ಖಚಿತ. ಆಗಲೇ ಬೇಡವೇ ಬೇಡ ಎಂದುಬಿಡಬಹುದಿತ್ತು. ಆದರೆ ಬೇಡ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಹಸಿರು ಸೀರೆಯ ಅವ್ವನನ್ನು ಅವಳಿಗೆ ಕಟ್ಟಿಕೊಟ್ಟವಳೇ ನಾನು. ಆ ಸೂರ್ಯಕಾಂತಿ ಹೊಲಗಳ ನಡುವೆ ಆ ಅವ್ವನನ್ನು ಕಿತ್ತುಕೊಳ್ಳುವ ಎದೆ ನನಗಿರಲಿಲ್ಲ. ಹಳದಿ ಅಂಗಿಯ ಆಸೆಯೂ ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೂಂ ಎಂದೆ.

ಗಡಿಕಲ್ಲಿನಿಂದ ಪುರಸಭೆಯವರೆಗೆ ಏರು. ಊರಿಗೆ ಊರೇ ರಸ್ತೆಯ ಎರಡೂ ಬದಿ ನಿಂತಿತ್ತು, ಹಿರಿಯರೆಲ್ಲ ನಮ್ಮ ಕಡೆಗೆ ಮುಖ ತಿರುಗಿಸಿಕೊಂಡು. ನಾನು ತಲೆ ತಗ್ಗಿಸಿ ತುಳಿದೆ. ಹಳದಿ ಅಂಗಿಯವಳು ಹಿಂದೆ ಬಿದ್ದಳು, ಇನ್ನೊಬ್ಬಳೂ ಬಿದ್ದಳು. ಕಾಲು ಉರಿಯುತ್ತಿತ್ತು, ಬಾಯಲ್ಲಿ ರಕ್ತದ ರುಚಿ. ಗುರವ್ವತ್ತೆ ಸೆರಗು ಬೀಸಿ ಕೂಗುವುದು ಕಾಣಿಸಿತು. ಅವಳು ಯಾರ ಹೆಸರು ಕೂಗಿದಳೋ ಕೇಳಿಸಲಿಲ್ಲ. ಇನ್ನು ಆಗದು ಎನ್ನುವಾಗ ಎಡಕ್ಕೆ ಸರಿದೆ. ಬಲಗಡೆಯಿಂದ ಕಸ್ತೂರಿ ಹೊರಬಂದಳು. ಅವಳ ಭುಜ, ಆಮೇಲೆ ಬೆನ್ನು, ಆಮೇಲೆ ಹಿಂದಿನ ಚಕ್ರ. ಅಷ್ಟೇ. ಏನೂ ನೋಯಲಿಲ್ಲ. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವಂತೆ ಮನಸ್ಸು ಎಲ್ಲಿಗೋ ಹೋಗಿ ಏನೂ ಸಿಗದೆ ವಾಪಸು ಬಂತು. ನನ್ನ ಮೊಟ್ಟಮೊದಲ ನೆನಪು ಬಟ್ಟೆಯಲ್ಲಿ ಸುತ್ತಿದ ಒಂದು ಕೂಸು ಅಳುತ್ತಿರುವುದಾಯಿತು. ಅದು ಕಸ್ತೂರಿ.

ಅವಳು ಗೆದ್ದಳು. ಜನ ಕುಣಿದರು, ಮುಲ್ಲಾ ಸರ್ ಕಾರಿನ ತೆರೆಯದ ಬಾಗಿಲನ್ನೇ ಗುದ್ದಿ ಗುದ್ದಿ ಅತ್ತರು. ನಾನು ಜನರ ನಡುವೆ ದಾರಿ ಮಾಡಿಕೊಂಡು ಹೋದಾಗ ಕಸ್ತೂರಿ ಸೈಕಲ್ಲಿಗೆ ಒರಗಿ ನಿಂತಿದ್ದಳು. ನಗುತ್ತಿರಲಿಲ್ಲ. ನನ್ನ ಎಡ ಮೊಣಕೈಯ ಮೇಲೆ ಹಳೆಯದೊಂದು ಸುಟ್ಟ ಕಲೆಯಿದೆ. ಒಲೆಯ ಮೇಲೆ ಬಿದ್ದಿದ್ದೆ ಎಂದು ಅವಳಿಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದೆ. ಅವಳು ಆ ಕಲೆಯ ಮೇಲೆ ಕೈಯಿಟ್ಟಳು. ಕೈ ತೆಗೆದು ತನ್ನ ಮೊಣಕೈ ನೋಡಿಕೊಂಡಳು. ಆಮೇಲೆ ಪುರಸಭೆಯ ಗೋಡೆಗೆ ತಿರುಗಿ ವಾಂತಿ ಮಾಡಿದಳು. ಏರು ಹತ್ತಿದ ಆಯಾಸ ಎಂದು ಎಲ್ಲರೂ ನೀರು ಕೊಟ್ಟರು. ಫೋಟೋದಲ್ಲಿ ಹಳದಿ ಅಂಗಿಯಿದೆ, ಪುರಸಭೆಯ ಕಟ್ಟಡವಿದೆ, ಕಸ್ತೂರಿಯ ಮುಖ ಮಾತ್ರ ಸತ್ತವರ ಮನೆಯಿಂದ ಬಂದವರ ಹಾಗಿದೆ.

ಮರುದಿನ ಬೆಳಗ್ಗೆ ನಾನು ಸೈಕಲ್ ತೆಗೆದುಕೊಂಡು ಬಾಗಿಲಲ್ಲಿ ನಿಂತೆ. ಅವಳು ಹೊರಗೆ ಬಂದಳು. ರಾತ್ರಿ ಮಲಗಿದವಳ ಕಣ್ಣಲ್ಲ ಅವು.

"ನಡಿ, ಮುಂದ ಹೋಗು," ಎಂದೆ.

"ನೀ ಮುಂದ ನಡಿ."

"ಏ, ಹಂಗಾದ್ರ ನಾ ಹೆಂಗ ದಾಟಲಿ?"

"ಇವತ್ತ ಬ್ಯಾಡ ನಂದಾ," ಎಂದಳು. ಅದೇ ಮೊದಲ ಸಲ ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು.

ಇವತ್ತು ಬೇಡ ಎಂದದ್ದು ನಾಳೆಯೂ ಬೇಡವಾಯಿತು. ತಿಂಗಳಾಯಿತು, ವರ್ಷವಾಯಿತು. ಕಸ್ತೂರಿ ರೇಸು ಬಿಟ್ಟಳು. ಯಾಕೆಂದು ಕೇಳಿದರೆ ಸಾಕು ಎಂದಳು. ಊರಲ್ಲಿ ಎಲ್ಲಿಗೇ ಹೊರಟರೂ ಅವಳು ನನ್ನ ಹಿಂದೆಯೇ ಬರುತ್ತಿದ್ದಳು. ಹಿಂದೆ ಇರುವವಳನ್ನು ದಾಟುವುದು ಹೇಗೆ? ನಾನು ನಿಂತರೆ ಅವಳೂ ನಿಲ್ಲುತ್ತಿದ್ದಳು. ನಾನು ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿದರೆ ಅವಳು ಬಂದು ಎದುರಿಗೆ ಮುಖ ಮಾಡಿ ಕೂರುತ್ತಿದ್ದಳು. ಸಂತೆಯಿಂದ ಮನೆಗೆ ಬರಲು ನಮಗೆ ಅರ್ಧ ದಿನ ಹಿಡಿಯುತ್ತಿತ್ತು. ಊರಿನವರಿಗೆ ಅದೊಂದು ಪುಕ್ಕಟೆ ನಾಟಕ. "ಕಸ್ತೂರಿ ಹಿರೇಮನಿಷ್ಯಾಳಾದ್ರೂ ಎಷ್ಟು ವಿನಯ ನೋಡ್ರಿ, ತಂಗೀನ ಮುಂದ ಬಿಟ್ಟು ನಡೀತಾಳ," ಎಂದು ಹೊಗಳುತ್ತಿದ್ದರು. ನನ್ನ ಹೊಟ್ಟೆ ಉರಿಯುತ್ತಿತ್ತು.

ಹಿರಿಯಳ ಮದುವೆ ಮೊದಲು ಎಂದು ಗುರವ್ವತ್ತೆ ಅವಳಿಗೇ ಗಂಡು ನೋಡಿದಳು. ದರ್ಜಿ ಕೆಲಸದ ಒಳ್ಳೆಯ ಮನುಷ್ಯ, ನಮ್ಮ ಮನೆಗೇ ಬಂದು ಇದ್ದ. ಒಂದು ಹೆಣ್ಣುಕೂಸು ಹುಟ್ಟಿತು, ತಾರಾ. ಮನೆಯ ಬೀಗದ ಕೈ ಕಸ್ತೂರಿಯ ಸೊಂಟಕ್ಕೆ ಹೋಯಿತು. ನನಗೆ ಬೀಗದ ಕೈಯ ಚಿಂತೆಯಿರಲಿಲ್ಲ. ನನಗೆ ಬೇಕಿದ್ದದ್ದು ನನ್ನ ಅವ್ವ. ಒಂದು ರಾತ್ರಿಗೆಂದು ಕೊಟ್ಟವಳನ್ನು ಇವಳು ನುಂಗಿ ಕೂತಳಲ್ಲ ಎಂದು ಕಂಡಕಂಡವರ ಮುಂದೆ ಹೇಳಿಕೊಂಡೆ. ಅವ್ವನ ಬಗ್ಗೆ ನೆರೆಯ ಮುದುಕಿಯರನ್ನು ಕೇಳಿದೆ. "ಹೋದವರ ಮಾತು ಈಗ್ಯಾಕ ಬಿಡವ್ವಾ," ಎಂದು ಅವರು ಮೊರದಲ್ಲಿನ ಜೋಳ ಕೇರುವುದಕ್ಕೆ ತಿರುಗಿದರು. ನಾನು ಕಸ್ತೂರಿಯೊಡನೆ ಮಾತು ಬಿಟ್ಟೆ. ಒಂದೇ ಒಲೆಯ ರೊಟ್ಟಿ ತಿನ್ನುತ್ತ, ಅವಳ ಮುಖ ನೋಡದೆ ವರ್ಷಗಳನ್ನು ಕಳೆದೆ. ಊರೆಲ್ಲ ಅವಳನ್ನು ನನ್ನ ಅಕ್ಕ ಎನ್ನುತ್ತಿತ್ತು. ನನ್ನ ಬಾಯಿಂದ ಒಮ್ಮೆಯೂ ಆ ಮಾತು ಬರಲಿಲ್ಲ. ಆದರೂ ಅವಳು ನನ್ನ ತಟ್ಟೆಗೆ ಮೊದಲು ಬಡಿಸುವುದನ್ನು ಬಿಡಲಿಲ್ಲ. ಆ ವರ್ಷಗಳನ್ನು ನೆನೆದರೆ ಈಗ ನಾಚಿಕೆಗಿಂತ ಹೆಚ್ಚಾಗಿ ಅಳು ಬರುತ್ತದೆ.

ತಾರಾಗೆ ಐದು ತುಂಬಿದ ಮೇಲೆ ಒಂದು ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಒಳಗೆ ಕಸ್ತೂರಿ ಮಗಳ ತಲೆ ಬಾಚುತ್ತಿದ್ದಳು. "ಅವ್ವಾ, ಅಮ್ಮಾಯಿ ಹೆಂಗಿದ್ಲು?" ಎಂದು ಕೂಸು ತನ್ನ ಅಜ್ಜಿಯ, ಅಂದರೆ ನಮ್ಮ ಅವ್ವನ ಬಗ್ಗೆ ಕೇಳಿತು. ನಾನು ಹಿಂಡುವುದನ್ನು ನಿಲ್ಲಿಸಿದೆ. ಕೊನೆಗೂ ಕೇಳುತ್ತೇನೆ, ನಾನು ಕಳೆದುಕೊಂಡದ್ದನ್ನು ಗೋಡೆಯ ಈಚೆಯಿಂದಲಾದರೂ ಕೇಳುತ್ತೇನೆ ಎಂದು ಉಸಿರು ಹಿಡಿದೆ. ಕಸ್ತೂರಿ ಹೇಳಿದಳು. ಅಮ್ಮಾಯಿ ತಲೆಸ್ನಾನ ಮಾಡಿ ಮಾಳಿಗೆಯ ಮೇಲೆ ಕೂದಲು ಆರಿಸುತ್ತಿದ್ದಳು. ಅಂಗೈಗೆ ಶೇಂಗಾ ಬೆಲ್ಲ ಹಾಕಿ ಮುಷ್ಟಿ ಮುಚ್ಚುತ್ತಿದ್ದಳು. ನೀಲಿ ಸೀರೆ ಉಡುತ್ತಿದ್ದಳು.

"ನಿನ್ನೆ ಹಸರ ಅಂದಿದ್ದಿ," ಎಂದಿತು ಕೂಸು.

"ಆಕಿಗೆ ಒಂದ ಸೀರಿ ಇತ್ತೇನು?"

"ಆಮ್ಯಾಲ?"

ಕಸ್ತೂರಿ ಸ್ವಲ್ಪ ತಡೆದಳು. ನಾನು ತಡೆಯುತ್ತಿದ್ದಲ್ಲಿಯೇ, ನಾನು ತಡೆಯುತ್ತಿದ್ದಷ್ಟೇ.

ಒದ್ದೆ ಸೀರೆ ನನ್ನ ಕೈಯಿಂದ ಜಾರಿ ಮಣ್ಣಿಗೆ ಬಿತ್ತು. ಇವಳ ಹತ್ತಿರ ಅವ್ವನ ಆರು ವರ್ಷಗಳಿವೆ. ಆರು ವರ್ಷಗಳಲ್ಲಿ ಮಗುವಿಗೆ ಹೇಳಬಹುದಾದ ಒಂದು ಮಾತು, ಒಂದು ನಗು, ನಾನು ಹೇಳಿರದ ಒಂದೇ ಒಂದು ಸಂಗತಿ ಸಿಕ್ಕಿದ್ದರೆ ಇವಳು ಅದನ್ನು ಹೇಳುತ್ತಿರಲಿಲ್ಲವೇ? ಸಿಕ್ಕಿಲ್ಲ. ಹಾಗಾಗಿ ನಾನು ಕಟ್ಟಿದ್ದನ್ನೇ ಹೇಳುತ್ತಿದ್ದಾಳೆ. ನಾನೂ ಏನೂ ಸಿಗದೆಯೇ ಕಟ್ಟಿದ್ದೆ. ಸೈಕಲ್ ಓಲಾಡಿದ್ದು, ಇಣುಕಬೇಡ ಎಂದದ್ದು, ಅವಳು ನನ್ನ ಸುಟ್ಟ ಕಲೆ ಮುಟ್ಟಿ ತನ್ನ ಮೊಣಕೈ ನೋಡಿಕೊಂಡದ್ದು, ಎಲ್ಲ ಒಮ್ಮೆಗೇ ತಿಳಿಯಿತು. ಅವಳು ಅವ್ವನನ್ನು ನುಂಗಿ ಕೂತಿರಲಿಲ್ಲ. ಆ ಅವ್ವ ನನಗೆ ಮತ್ತೆ ಸಿಗದ ಹಾಗೆ ಇವಳು ನನ್ನನ್ನು ಕಾಯುತ್ತಿದ್ದಳು. ಕಾಯುವವಳೊಡನೆ ನಾನು ಮಾತು ಬಿಟ್ಟಿದ್ದೆ.

ಅವತ್ತೇ ನಿರ್ಧರಿಸಿದೆ, ಅದನ್ನು ವಾಪಸು ತೆಗೆದುಕೊಳ್ಳಬೇಕು ಎಂದು. ಆರು ವರ್ಷದವಳಿದ್ದಾಗ ಹೊತ್ತದ್ದು, ಮೂವತ್ತರ ಮೇಲೆ ಹೊರಲಾರೆನೇ? ಬಾಯಿ ಬಿಟ್ಟು ಕೇಳಿದರೆ ಅವಳು ಕೊಡುವವಳಲ್ಲ. ಹಾಗಾಗಿ ಕೇಳಲಿಲ್ಲ. ಅಟ್ಟದ ಮೇಲಿದ್ದ ರೇಸ್ ಸೈಕಲ್ ಇಳಿಸಿ, ಚೈನಿಗೆ ಎಣ್ಣೆ ಬಿಟ್ಟು, ಗಡಿಕಲ್ಲಿನ ಆಚೆಗೆ ಹೋಗಿ ತಿಂಗಳುಗಟ್ಟಲೆ ತುಳಿದೆ. ಯಾವ ರೇಸಿಗೂ ನಾನು ಅಷ್ಟು ತಯಾರಿ ಮಾಡಿರಲಿಲ್ಲ.

ಕಸ್ತೂರಿ ವಾರಕ್ಕೊಮ್ಮೆ ಜೋಳ ಬೀಸಿಸಲು ಗಿರಣಿಗೆ ಹೋಗುತ್ತಿದ್ದಳು, ಗಂಡನ ಹಳೆಯ ಸೈಕಲ್ ಮೇಲೆ. ಗಿರಣಿ ಇರುವುದು ಗಡಿಕಲ್ಲಿನ ಹತ್ತಿರ. ಆ ದಿನ ನಾನು ಜ್ವರವೆಂದು ಮಲಗಿದವಳು, ಅವಳು ಹೋದ ಮೇಲೆ ಎದ್ದು, ಕೆರೆಯ ಒಳದಾರಿಯಿಂದ ಹೋಗಿ ಗಿರಣಿಯ ಹಿಂದೆ ಅಡಗಿ ನಿಂತೆ. ಅವಳು ಹಿಟ್ಟಿನ ಚೀಲವನ್ನು ಕ್ಯಾರಿಯರಿಗೆ ಕಟ್ಟಿ ಏರು ಹತ್ತತೊಡಗಿದಳು. ನಾನು ಸದ್ದಿಲ್ಲದೆ ಹಿಂದೆ ಹೋದೆ. ಅವಳ ಚಕ್ರಕ್ಕೆ ನನ್ನ ಚಕ್ರ ಒಂದು ಗೇಣು ದೂರ. ಎದುರುಗಾಳಿಯಿತ್ತು, ಅವಳ ಬೆನ್ನಿನ ಮರೆಯಲ್ಲಿ ನನಗೆ ತಾಗಲಿಲ್ಲ. ಓಹೋ, ಇಷ್ಟು ವರ್ಷ ಇವಳು ಅನುಭವಿಸಿದ್ದು ಇದನ್ನು ಎಂದುಕೊಂಡೆ.

ಸಂತೆಕಟ್ಟೆಯ ಮೇಲೆ ಕೂತಿದ್ದವನೊಬ್ಬ, "ಕಸ್ತೂರವ್ವಾ, ಹಿಂದ ನೋಡ!" ಎಂದು ಕೂಗಿದ.

ಅವಳು ನೋಡಿದಳು. ನನ್ನ ಮುಖ ನೋಡಿದ್ದೇ ಅವಳಿಗೆ ಎಲ್ಲ ಗೊತ್ತಾಯಿತು. ಬ್ರೇಕ್ ಹಿಡಿದು ನಿಂತು ಮುಖ ತಿರುಗಿಸೋಣವೆಂದರೆ ನಾನು ಅಷ್ಟು ಹತ್ತಿರವಿದ್ದೆ, ಅವಳು ನಿಧಾನಿಸಿದ ಗಳಿಗೆಯಲ್ಲೇ ದಾಟಿಬಿಡುತ್ತಿದ್ದೆ. ಮನೆಯ ಅಂಗಳ ಸೇರುವವರೆಗೆ ಮುಂದೆಯೇ ಇರುವುದೊಂದೇ ಅವಳಿಗೆ ದಾರಿ. ಅವಳು ಹಿಂದೆ ಕೈ ಚಾಚಿ ಹಗ್ಗ ಎಳೆದಳು. ಹಿಟ್ಟಿನ ಚೀಲ ಬಿದ್ದು ಒಡೆಯಿತು. ನಾನು ಹಿಟ್ಟಿನ ಮೇಲೆ ಹಾಯಿಸಿಕೊಂಡೇ ಹೋದೆ. ಅವಳು ಪೆಡಲ್ ಮೇಲೆ ಎದ್ದು ನಿಂತಳು.

ಶಿವಲಿಂಗಜ್ಜ ಬಸ್ಸು ನಿಲ್ಲಿಸಿದ. ಜನ ಎದ್ದು ನಿಂತರು. ಯಾರಿಗೆ ಹುರುಪು ಕೊಡಬೇಕೆಂದು ತಿಳಿಯದೆ ಯಾರೂ ಬಾಯಿ ಬಿಡಲಿಲ್ಲ. ಅಷ್ಟು ಜನರ ನಡುವೆ ಎರಡು ಸೈಕಲ್ಲಿನ ಸದ್ದು, ನಮ್ಮಿಬ್ಬರ ಏದುಸಿರು, ಅಷ್ಟೇ ಕೇಳುತ್ತಿತ್ತು. ನೀರಿನ ಟಾಕಿಯ ತಿರುವಿನಲ್ಲಿ ನಾನು ಮರೆಯಿಂದ ಹೊರಬಿದ್ದೆ. ತಿರುವಿನಲ್ಲಿ ಹೊರಬೀಳುವುದನ್ನು ಅವಳಿಗೆ ಕಲಿಸಿದವಳೇ ನಾನು, ಪರವೂರಿನ ರೇಸುಗಳಲ್ಲಿ ಹಾಗೆ ಹೊರಬಿದ್ದವರು ಸೋತದ್ದಿಲ್ಲ. ನನ್ನ ಮುಂದಿನ ಚಕ್ರ ಅವಳ ಪೆಡಲ್‌ಗೆ ಸಮ ಬಂತು, ಆಮೇಲೆ ಅವಳ ಮೊಣಕಾಲಿಗೆ. ಹೊಲಿದ ಸೀಟು, ಗೇರಿಲ್ಲದ ಸೈಕಲ್, ಕಾಲಿಗೆ ಸುತ್ತಿಕೊಳ್ಳುವ ಸೀರೆ, ವರ್ಷಗಳಿಂದ ರೇಸು ತುಳಿಯದ ಕಾಲು. ಅವಳು ಸೋಲಬೇಕಿತ್ತು. ಯಾರಾದರೂ ಎಳೆದು ತರದೆ ಒಂದು ಹಂತವನ್ನೂ ಗೆದ್ದವಳಲ್ಲ ಅವಳು. ಅವಳು ನನ್ನ ಕಡೆ ತಿರುಗಿ ನೋಡಿದಳು. ಸಿಟ್ಟಲ್ಲ, ಬೇಡಿಕೆಯೂ ಅಲ್ಲ. ತಾರಾ ಒಲೆಯ ಹತ್ತಿರ ಹೋದಾಗ ನೋಡುವ ನೋಟ. ಆಮೇಲೆ ಎಲ್ಲಿಂದ ತಂದಳೋ, ಅರ್ಧ ಚಕ್ರದಷ್ಟು ಮುಂದೆ ಹೋದಳು, ಒಂದು ಚಕ್ರ ಮುಂದೆ ಹೋದಳು, ಅಂಗಳಕ್ಕೆ ನುಗ್ಗಿ ತುಳಸಿಕಟ್ಟೆಗೆ ಬಡಿದು ಬಿದ್ದಳು.

ನಾನು ಸೈಕಲ್ ಬಿಸಾಡಿ ಓಡಿದೆ. ಅವಳ ಮೊಣಕಾಲು ಒಡೆದು ರಕ್ತ ಸುರಿಯುತ್ತಿತ್ತು. ಅವಳು ಅದನ್ನು ನೋಡದೆ ನನ್ನ ಕೈ ಹಿಡಿದುಕೊಂಡು, ನಾನು ದಾಟಿಲ್ಲ ತಾನೇ ಎಂದು ನನ್ನ ಮುಖದಲ್ಲಿ ಹುಡುಕಿದಳು.

"ನನಗ ಎಲ್ಲಾ ತಿಳಿದೈತಿ," ಎಂದೆ. "ಕೊಟ್ಟುಬಿಡು. ಅದು ನಂದು."

"ಏನೂ ಇಲ್ಲ ಅದರಾಗ," ಎಂದಳು ಕಸ್ತೂರಿ. ಮಾತಾಡಲು ಉಸಿರು ಸಾಲುತ್ತಿರಲಿಲ್ಲ. "ಅವ್ವ ಹಸರ ಸೀರಿ ಉಡತಿದ್ಲು. ಅಷ್ಟ ತಿಳಕೋ."

"ಅಕ್ಕಾ," ಎಂದೆ.

ಅಷ್ಟು ವರ್ಷಗಳ ಮೇಲೆ ನನ್ನ ಬಾಯಿಂದ ಬಂದ ಆ ಮಾತಿಗೆ ಅವಳು ಅತ್ತುಬಿಟ್ಟಳು. ನಾನೂ ಅತ್ತೆ. ಗುರವ್ವತ್ತೆ ಅರಿಸಿನ ತರಲು ಒಳಗೆ ಓಡಿದಳು. ಸ್ವಲ್ಪ ಹೊತ್ತಿನ ಮೇಲೆ ಕಸ್ತೂರಿ ಸೆರಗಿನಿಂದ ನನ್ನ ಮುಖ ಒರೆಸಿದಳು. "ನಂದಾ, ಇನ್ನೊಮ್ಮೆ ಹಿಂಗ ಮಾಡಬ್ಯಾಡವ್ವಾ. ನನ್ನ ಕೈಲೆ ಪ್ರತೀ ಸಲ ಆಗೂದಿಲ್ಲ."

ನಾನು ಮತ್ತೆ ಆ ಪ್ರಯತ್ನ ಮಾಡಲಿಲ್ಲ. ಈಗ ಅವಳು ನನ್ನ ಹಿಂದೆ ಬರುವಾಗ ನಾನು ನಿಲ್ಲುವುದಿಲ್ಲ, ಚಪ್ಪಲಿ ನೆಪ ಹೂಡುವುದಿಲ್ಲ. ನೆಟ್ಟಗೆ ಮುಂದೆ ನಡೆಯುತ್ತೇನೆ. ಕೆಲವು ರಾತ್ರಿ ಪಕ್ಕದ ಕೋಣೆಯಲ್ಲಿ ಅವಳು ನಿದ್ದೆಯಲ್ಲಿ ಕಿರುಚಿ ಏಳುತ್ತಾಳೆ, ಬೇಡವ್ವಾ ಬೇಡವ್ವಾ ಎನ್ನುತ್ತಾಳೆ. ನಾನು ಎದ್ದು ಹೋಗಿ ನೀರು ಕೊಡುತ್ತೇನೆ, ಏನಾಯಿತು ಎಂದು ಕೇಳುವುದಿಲ್ಲ. ಕಿರುಚಬೇಕಾದವಳು ನಾನು. ನನಗೆ ಒಳ್ಳೆಯ ನಿದ್ದೆ ಬರುತ್ತದೆ.